ಗೋಡೆಯಾಚೆಗೆ ಹೊರಟವಳು

ಬೇರೆಯವರು ಇಸ್ಪೀಟಿನಿಂದಲೋ ರಾಜಕೀಯದಿಂದಲೋ ಕೆಡುತ್ತಾರೆ. ನಾನು ಕೆಟ್ಟದ್ದು ಒಂದು ಕ್ರಿಯಾಪದದಿಂದ. ‘ಹೊರಡುವುದು’ ಎಂಬ ಕ್ರಿಯಾಪದ. ನಮ್ಮ ಕಡೆ ಈ ಮಾತನ್ನು ಯಾರೂ ನಂಬಬಾರದು. “ಒಂಟೆ ಕಣಪ್ಪ, ದಾರೀಲಿವ್ನಿ” ಎಂದು ಫೋನಿನಲ್ಲಿ ಕೂಗುವ ಮನುಷ್ಯ ಬಚ್ಚಲಲ್ಲಿ ತಲೆಗೆ ಸೋಪು ಹಚ್ಚಿಕೊಂಡಿರುತ್ತಾನೆ. ನೆಂಟರ ಮನೆಯಲ್ಲಿ “ಹೊರಡ್ತೀವಿ” ಎಂದು ಎದ್ದು ನಿಂತವರು ಹೊಸ್ತಿಲಲ್ಲಿ ಒಂದು ಕಂತು, ಜಗಲಿಯಲ್ಲಿ ಒಂದು ಕಂತು, ಗೇಟು ಹಿಡಿದುಕೊಂಡು ಮತ್ತೊಂದು ಕಂತು ಮಾತಾಡಿ, ಕೊನೆಗೆ ಕತ್ತಲಾಯಿತೆಂದು ಅಲ್ಲೇ ಉಂಡು ಮಲಗುವುದೂ ಉಂಟು. ಇದೆಲ್ಲ ಗೊತ್ತಿದ್ದೂ ನಾನು ಮೋಸ ಹೋದೆ. ಹೋದದ್ದಕ್ಕಿಂತ ಹೆಚ್ಚಿನ ನಾಚಿಕೆಗೇಡು ಏನೆಂದರೆ, ಜನರನ್ನು ಹೊರಡಿಸುವುದೇ ನನ್ನ ಹೊಟ್ಟೆಪಾಡು. ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್. ಗಾಜಿನ ಕಿಂಡಿಯ ಹಿಂದೆ ಮೈಕು ಹಿಡಿದು ಕೂತು, ಯಾವ ಬಸ್ಸು ಬಂತು, ಯಾವುದು ಹೋಯಿತು, ಯಾವುದು ಬರುವುದೇ ಇಲ್ಲ ಎಂದು ಕೂಗುವವನು.

“ಕಿಕ್ಕೇರಿ ಬಸ್ ಒಂಟೋಯ್ತಾ ಸಾಮಿ?” ಎಂದು ದಿನಕ್ಕೆ ಎಷ್ಟು ಜನ ಕೇಳುತ್ತಾರೋ ಲೆಕ್ಕವಿಟ್ಟಿಲ್ಲ. ಡ್ರೈವರು ಟೀ ಕುಡಿಯುತ್ತಿದ್ದರೆ ಹೊರಟಿಲ್ಲ; ಇಂಜಿನ್ನು ಗುರ್ ಎನ್ನುತ್ತಿದ್ದರೂ ಹೊರಟಿಲ್ಲ; ಗೇಟು ದಾಟಿ ಎಡಕ್ಕೆ ತಿರುಗಿದರೆ ಮಾತ್ರ ಹೊರಟಂತೆ. ಇಷ್ಟು ಖಚಿತವಾದ ಸಿದ್ಧಾಂತ ನನ್ನದು. ಹೊಸದಾಗಿ ಬಂದ ಕಂಡಕ್ಟರುಗಳಿಗೆ ಇದನ್ನು ನಾನು ಉಪನ್ಯಾಸದಂತೆ ಹೇಳುತ್ತಿದ್ದೆ. ಅವರು ಪಾಪ, ಮಾಸ್ಕಿನೊಳಗೆ ಆಕಳಿಸುತ್ತಾ ಕೇಳುತ್ತಿದ್ದರು.

ಕೊರೊನಾದ ದೊಡ್ಡ ಅಲೆ ಇಳಿದು ಬಸ್ಸುಗಳು ಮತ್ತೆ ಓಡಾಡಲು ಶುರುವಾಗಿದ್ದ ಕಾಲ. ನಮ್ಮ ಒಬ್ಬಳೇ ಮಗಳು ಪವಿತ್ರ ಮಸ್ಕತ್‌ನಲ್ಲಿ ನರ್ಸು. ಅಳಿಯ ಅಲ್ಲೇ ಏಸಿ ರಿಪೇರಿ ಮಾಡುತ್ತಾನೆ. ಪವಿತ್ರಳಿಗೆ ಮೊದಲ ಬಸಿರು. ಊರಿಗೆ ಬಂದು ಹೆರಬೇಕೆಂದೇ ಎಲ್ಲರ ಆಸೆ. ಆದರೆ ವಿಮಾನ ಇದ್ದಾಗ ಅವಳಿಗೆ ರಜೆ ಇಲ್ಲ, ರಜೆ ಸಿಕ್ಕಾಗ ವಿಮಾನ ಇಲ್ಲ, ಎರಡೂ ಕೂಡಿಬಂದಾಗ ತಿಂಗಳು ತುಂಬುತ್ತಾ ಬಂದು, ಇಂಥ ಬಸುರಿಯನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ವಿಮಾನದವರು ಹೇಳಿಬಿಟ್ಟರು. ಸರಿ, ನನ್ನ ಹೆಂಡತಿ ಸುನಂದಳೇ ಅಲ್ಲಿಗೆ ಹೋಗುವುದು ಎಂದು ತೀರ್ಮಾನವಾಯಿತು. “ಅವ್ವ ಒಬ್ಳು ಪಕ್ಕದಲ್ಲಿದ್ರೆ ಸಾಕಪ್ಪ” ಎಂದು ಪವಿತ್ರ ಫೋನಿನಲ್ಲಿ ಅತ್ತಳು. “ಎಷ್ಟೋ ಜನರ ಹೆರಿಗೆ ಮಾಡ್ಸಿದ್ದೀನಿ. ನಂದು ಅಂದ್ರೆ ಕೈಕಾಲು ನಡುಗ್ತದೆ.” ಆ ಹುಡುಗಿ ಚಿಕ್ಕಂದಿನಿಂದ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಇದೊಂದನ್ನು ಕೇಳಿದಳು. ಅದನ್ನು ನಡೆಸಿಕೊಡುವುದು ನನ್ನ ಜವಾಬ್ದಾರಿ ಎಂದು ಎದೆ ತಟ್ಟಿಕೊಂಡೆ.

ಶನಿವಾರ ಮಧ್ಯಾಹ್ನದ ವಿಮಾನಕ್ಕೆ ಅಳಿಯ ಟಿಕೆಟ್ಟು ಮಾಡಿಸಿದ. ಜೊತೆಗೆ ಒಂದು ನಿಯಮವನ್ನೂ ಹೇಳಿದ. “ಮಾವ, ಹೊರಡೋಕೆ ಎಪ್ಪತ್ತೆರಡು ಗಂಟೆಯೊಳಗೆ ಮಾಡಿಸಿದ ಕೊರೊನಾ ಟೆಸ್ಟು ಇರ್ಬೇಕು. ನೆಗೆಟಿವ್ ಬಂದಿರ್ಬೇಕು. ಮೂಗಿಗೆ ಕಡ್ಡಿ ಹಾಕಿದ ಹೊತ್ತಿನಿಂದ ಲೆಕ್ಕ, ರಿಸಲ್ಟ್ ಬಂದ ಹೊತ್ತಿನಿಂದಲ್ಲ.” ಇದರಲ್ಲಿ ಏನು ಕಷ್ಟ ಎಂದು ನನಗನ್ನಿಸಿತು. ಮೆಲ್ಲಗೆ ಯೋಚಿಸಿದ ಮೇಲೆ ಬೆವರಿತು. ಮೊದಲೇ ಮಾಡಿಸಿದರೆ ಹಳಸಿಹೋಗುತ್ತದೆ. ತಡ ಮಾಡಿದರೆ ರಿಸಲ್ಟ್ ಬರುವಷ್ಟರಲ್ಲಿ ವಿಮಾನ ಮೋಡದ ಮೇಲಿರುತ್ತದೆ. ಫಾರಿನ್ನಿಗೆ ನಡೆಯುವಂಥ ಟೆಸ್ಟು ಮಾಡುವ ಲ್ಯಾಬು ನಮಗೆ ಹತ್ತಿರವೆಂದರೆ ಶ್ರೀರಂಗಪಟ್ಟಣದಲ್ಲಿ. ಅಲ್ಲಿ ಮೂಗಿನಿಂದ ತೆಗೆದದ್ದನ್ನು ಗಾಡಿಯಲ್ಲಿ ಮೈಸೂರಿಗೆ ಕಳಿಸಿ, ಅಲ್ಲಿಂದ ರಿಸಲ್ಟು ಮೊಬೈಲಿಗೆ ಬರುವುದಕ್ಕೆ ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ. ಹೆಂಡತಿಗೆ ಧೈರ್ಯ ಹೇಳಿದೆ: “ಇಷ್ಟು ವರ್ಷ ಬಸ್ಸಿಗೆ ಟೈಮು ಕೊಟ್ಟವನಿಗೆ ಮೂಗಿಗೆ ಟೈಮು ಕೊಡಕ್ಕೆ ಬರಲ್ವಾ?” 

ಈಗ ನಮ್ಮ ಅವ್ವನ ವಿಚಾರ ಹೇಳಬೇಕು. ಶನಿವಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. “ಸನಿವಾರ ಮೂಡ್ಲಾಗೆ ಸೂಲ ಕಣ್ಲಾ” ಎಂದಳು. ಶನಿವಾರ ಪೂರ್ವಕ್ಕೆ ಪ್ರಯಾಣ ಹೊರಡಬಾರದು, ಆ ದಿಕ್ಕಿಗೆ ಅವತ್ತು ಶೂಲ ಇರುತ್ತದೆ ಎಂಬುದು ಅವಳ ಲೆಕ್ಕ. ನಮಗೆ ಬೆಂಗಳೂರು ಪೂರ್ವ. “ಅವ್ವಾ, ವಿಮಾನ ಹೋಗೋದು ಪಶ್ಚಿಮಕ್ಕೆ” ಎಂದು ವಾದ ಮಾಡಿದೆ. “ಈ ಮನೆ ಬಾಗ್ಲಿಂದ ಅದು ಆರ್ಕೊಂಡೋಯ್ತದಾ? ಮೊದ್ಲು ಮೂಡ್ಲಾಗೇ ತಾನೆ ನೀವು ಒಂಟೋದು?” ಎಂದಳು. 

ಶೂಲದ ವಿಷಯದಲ್ಲಿ ನಮ್ಮ ಅವ್ವನನ್ನು ಅಲುಗಾಡಿಸಲು ಯಾರಿಂದಲೂ ಆಗದು, ಏಕೆಂದರೆ ಆಕೆಯ ಬಳಿ ಸಾಕ್ಷಿ ಇದೆ. ಸಾಕ್ಷಿ ನಾನೇ. ಮಂಗಳವಾರ ಉತ್ತರಕ್ಕೆ ಶೂಲ ಇರುವಾಗ, ತುಂಬಿದ ಬಸುರಿಯಾದ ಅವ್ವನನ್ನು ಕಿಕ್ಕೇರಿಯ ತವರಿಗೆ ಕಳಿಸಲು ನಮ್ಮ ಅಪ್ಪ ಗಾಡಿ ಕಟ್ಟಿಸಿದನಂತೆ. ಅರ್ಧ ದಾರಿಯಲ್ಲಿ ಗಾಡಿಯ ಅಚ್ಚು ಮುರಿಯಿತು, ಹೊಂಗೆಮರದ ಕೆಳಗೆ ನಾನು ಹುಟ್ಟಿದೆ. ಹತ್ತಿರದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಓಡಿಬಂದು ಹೆರಿಗೆ ಮಾಡಿಸಿದರಂತೆ. “ಹೆತ್ತವ್ವ ಅಲ್ಲಿ ದಾರಿ ಕಾಯ್ತಾ ಕೂತವ್ಳೆ, ನಾನಿಲ್ಲಿ ಮಣ್ಣಲ್ಲಿ ಒದ್ದಾಡ್ತಾ ಇವ್ನಿ” ಎಂದು ಆಕೆ ಈಗಲೂ ಹೇಳುತ್ತಾಳೆ. ದಾರಿಯಲ್ಲಿ ಹುಟ್ಟಿದ್ದಕ್ಕೇ ನನಗೆ ಬಸ್ ಸ್ಟ್ಯಾಂಡಿನ ಕೆಲಸ ಸಿಕ್ಕಿತು ಎಂಬುದು ಸಹೋದ್ಯೋಗಿಗಳ ಅಭಿಪ್ರಾಯ. ಏನೇ ಇರಲಿ, ಮೊಮ್ಮಗಳ ಮೊದಲ ಹೆರಿಗೆಯ ವಿಷಯದಲ್ಲಿ ಆಕೆ ಒಂದು ಅಂಗುಲವೂ ಜಗ್ಗುವ ಹಾಗಿರಲಿಲ್ಲ.

ಇಂಥ ಇಕ್ಕಟ್ಟಿಗೆ ನಮ್ಮ ಹಿರಿಯರು ಪರಸ್ಥಾನ ಎಂಬ ಉಪಾಯ ಕಂಡುಹಿಡಿದಿದ್ದಾರೆ. ಪ್ರಯಾಣದ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚೆ ಚೆನ್ನಾಗಿರುವ ಒಂದು ದಿನ ನೋಡಿ, ಹೋಗುವವರ ಗಂಟನ್ನು ಆ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊರಟರೆ ಮನುಷ್ಯರೂ ಹೊರಟ ಹಾಗೇ. ಆಮೇಲೆ ಯಾವತ್ತು ಬೇಕಾದರೂ ಹೋಗಬಹುದು, ಶೂಲ ಏನೂ ಮಾಡುವುದಿಲ್ಲ. ಅವ್ವ ಬುಧವಾರವನ್ನು ಗೊತ್ತುಮಾಡಿದಳು. ಪೂರ್ವಕ್ಕಿರುವುದು ನಮ್ಮ ಕಾಂಪೌಂಡಿಗೆ ಅಂಟಿಕೊಂಡ ಅಮೀರ್‌ಸಾಬರ ಮನೆ. ಅಮೀರ್ ಟ್ಯಾಕ್ಸಿ ಓಡಿಸುತ್ತಾನೆ, ಅವನ ಹೆಂಡತಿ ಜಮೀಲಾ ಹೊಲಿಗೆ ಹಾಕುತ್ತಾಳೆ. ನಮ್ಮ ಮನೆಯ ಪರಸ್ಥಾನಗಳೆಲ್ಲ ಹಿಂದಿನಿಂದಲೂ ಅವರ ಮನೆಗೇ ಹೋಗುವುದು. ಪವಿತ್ರ ಮೊದಲ ಸಲ ಮಸ್ಕತ್‌ಗೆ ಹೋದಾಗಲೂ ಅವಳ ಚೀಲ ಜಮೀಲಾಳ ಹೊಲಿಗೆ ಮಿಷಿನ್ನಿನ ಪಕ್ಕದಲ್ಲೇ ಇತ್ತು.

ಮನೆಯಲ್ಲಿ ಆ ವಾರವಿಡೀ ಒಂದೇ ಮಾತು. “ಬುದವಾರ ಒಂಟೋಳಿಗೆ ಕೋಡುಬಳೆ ಮಾಡ್ಬೇಕು.” “ಬುದವಾರ ಒಂಟೋಳು, ತಲೆಗೆ ಎಣ್ಣೆ ಇಕ್ಕೊ.” ಹಾಲಿನವನು ಕೇಳಿದರೂ ಸುನಂದ “ಬುಧವಾರ ಹೊರಡೋದು” ಎನ್ನುವಳು. ಕೇಳಿ ಕೇಳಿ ಆ ಬುಧವಾರ ನನ್ನ ತಲೆಯೊಳಗೂ ಗೂಟ ಹೊಡೆದುಕೊಂಡು ಕೂತುಬಿಟ್ಟಿತು. ಲ್ಯಾಬಿಗೆ ಫೋನು ಮಾಡಿದೆ. ಅಲ್ಲಿನ ಹೆಣ್ಣುಮಗಳು ವಿನಯವಾಗಿ, “ಯಾವಾಗ ಹೊರಡೋದು ಸಾರ್?” ಎಂದು ಕೇಳಿದಳು. ನಾನು ಅಷ್ಟೇ ವಿನಯವಾಗಿ, “ಬುಧವಾರ ಬೆಳಿಗ್ಗೆ ಮೇಡಂ” ಎಂದೆ. “ಹಾಗಾದ್ರೆ ಸೋಮವಾರ ಬನ್ನಿ, ಮಂಗಳವಾರ ರಿಸಲ್ಟ್ ಬರುತ್ತೆ, ಸರಿಹೋಗುತ್ತೆ” ಎಂದಳು. ಎಂಥ ಅಚ್ಚುಕಟ್ಟು ಎಂದು ಮೆಚ್ಚಿಕೊಂಡೆ. ಮೆಚ್ಚುವ ಹೊತ್ತಿನಲ್ಲಿ ಗೋಡೆಯ ಕ್ಯಾಲೆಂಡರಿನ ಕಡೆ ಒಮ್ಮೆ ಕತ್ತು ತಿರುಗಿಸಿದ್ದರೆ ಈ ಪ್ರಬಂಧ ಬರೆಯುವ ಗ್ರಹಚಾರ ಬರುತ್ತಿರಲಿಲ್ಲ.

ಸೋಮವಾರ ಇಬ್ಬರೂ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋದೆವು. ಮೈತುಂಬ ಪ್ಲಾಸ್ಟಿಕ್ ಸುತ್ತಿಕೊಂಡ ಮನುಷ್ಯನೊಬ್ಬ ಸುನಂದಳ ಮೂಗಿನೊಳಗೆ ಕಡ್ಡಿ ಇಳಿಸಿದ. ಇಳಿಸಿದ, ಇಳಿಸಿದ, ಇನ್ನೂ ಇಳಿಸಿದ. ನನಗೆ ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ ಪಾತಾಳಗರಡಿ ಜ್ಞಾಪಕಕ್ಕೆ ಬಂತು. ಅವಳು ಕಣ್ಣಲ್ಲಿ ನೀರು ಸುರಿಸುತ್ತಾ ನನ್ನ ಕೈಯನ್ನು ಉಗುರು ಊರುವಂತೆ ಹಿಡಿದುಕೊಂಡಿದ್ದಳು. ಹೊರಗೆ ಬಂದು, “ಇನ್ನೊಂದ್ ಸಲ ಅಂದ್ರೆ ನನ್ ಕೈಲಾಗಲ್ಲ ರೀ” ಎಂದಳು. “ಇನ್ನೊಂದು ಸಲ ಯಾಕೆ ಮಾಡ್ತಾರೆ, ಹುಚ್ಚಿ” ಎಂದು ನಕ್ಕೆ. ಆ ನಗುವನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಮಂಗಳವಾರ ನೆಗೆಟಿವ್ ಬಂತು. ಬುಧವಾರ ಬೆಳಿಗ್ಗೆ ಅವ್ವನ ಉಸ್ತುವಾರಿಯಲ್ಲಿ ಪರಸ್ಥಾನ ಹೊರಟಿತು. ಸೂಟ್‌ಕೇಸು ನಾನು ಹೊತ್ತೆ. ಅದರ ಜೊತೆ ಅವ್ವ ತನ್ನ ಕೈಯಾರೆ ಕಟ್ಟಿದ ಒಂದು ಗಂಟು. ಅದರೊಳಗೆ ಒಗೆದು ಒಗೆದು ಬೆಣ್ಣೆಯಂತಾಗಿದ್ದ ಅವಳ ಹಳೆಯ ನೂಲಿನ ಸೀರೆ. ಹುಟ್ಟಿದ ಕೂಸನ್ನು ಮೊದಲು ಹಳೆಯ ಬಟ್ಟೆಯಲ್ಲೇ ಸುತ್ತಬೇಕು. ಹೊಂಗೆಮರದ ಕೆಳಗೆ ನನ್ನನ್ನು ಸುತ್ತಲು ಮಾತ್ರ ಹಳೆಯ ಬಟ್ಟೆ ಸಿಗದೆ, ಯಾರದೋ ಬುತ್ತಿಯ ಬಟ್ಟೆಯಲ್ಲಿ ಸುತ್ತಿದರಂತೆ. “ನನ್ ಮರಿಮಗ ಬುತ್ತಿ ಬಟ್ಟೇಲಿ ಮಲಗ್ಬಾರ್ದು” ಎಂದು ಅವ್ವ ಗಂಟಿಗೆ ಅರಿಶಿನದ ಕೊಂಬು ಸಿಕ್ಕಿಸಿದಳು. ಜಮೀಲಾ ಬಾಗಿಲಲ್ಲಿ ನಿಂತು, “ಬನ್ನಿ ಭಾಭಿ, ಬಿಸ್ಮಿಲ್ಲಾ, ಬಲಗಾಲು ಇಟ್ಟು ಬನ್ನಿ” ಎಂದು ಸುನಂದಳ ಕೈಹಿಡಿದು ಒಳಕ್ಕೆ ಕರೆದುಕೊಂಡಳು. ಅವ್ವನ ಕಟ್ಟುನಿಟ್ಟಿನ ಪ್ರಕಾರ ಹೊರಟವಳು ಮತ್ತೆ ನಮ್ಮ ಹೊಸ್ತಿಲು ತುಳಿಯುವಂತಿಲ್ಲ. ಶನಿವಾರದ ತನಕ ಜಮೀಲಾಳ ಮನೆಯಲ್ಲೇ ವಾಸ.

ಅಮೀರ್ ಅಂಗಳದಲ್ಲಿ ಕಾರು ತೊಳೆಯುತ್ತಿದ್ದ. ನಾನು ಜಂಬದಿಂದ ಮೊಬೈಲು ಮುಂದೆ ಹಿಡಿದು ರಿಸಲ್ಟು ತೋರಿಸಿದೆ. ಗಲ್ಫಿಗೆ ಹೋಗುವವರನ್ನು ವಿಮಾನಕ್ಕೆ ಬಿಟ್ಟು ಬಂದು ರೂಢಿಯಿದ್ದ ಅವನು ಮೊಬೈಲನ್ನು ದೂರ ಹಿಡಿದ, ಹತ್ತಿರ ಹಿಡಿದ.

“ಅಣ್ಣ, ಇದು ಸೋಮಾರದ್ದಲ್ವಾ?”

“ಹೂಂ. ಹೊರಡೋಕೆ ಎಪ್ಪತ್ತೆರಡು ಗಂಟೆಯೊಳಗೆ.”

“ಪ್ಲೇನು ಸನಿವಾರ ಅಲ್ವಾ?”

“ಪ್ಲೇನು ಶನಿವಾರ. ಹೊರಟದ್ದು ಇವತ್ತಲ್ವೇನೋ.”

ಅಮೀರ್ ಕೈಯಲ್ಲಿದ್ದ ಪೈಪನ್ನು ಕೆಳಗೆ ಹಾಕಿದ. ನೀರು ನನ್ನ ಪ್ಯಾಂಟಿನ ಮೇಲೆ ಹರಿಯಿತು. “ಯಾ ಅಲ್ಲಾ! ಇವತ್ತು ಅಕ್ಕ ಒಂಟಿರಾದು ನಮ್ಮನೆಗೆ ಕಣಣ್ಣ! ಮಸ್ಕತ್‌ಗಲ್ಲ!”

 ಗೇಟು ದಾಟಿ ಎಡಕ್ಕೆ ತಿರುಗಿದರೆ ಮಾತ್ರ ಹೊರಟಂತೆ ಎಂದು ಊರಿಗೆಲ್ಲ ಪಾಠ ಹೇಳಿದವನು, ಪಕ್ಕದ ಮನೆಗೆ ಹೊರಡುವುದಕ್ಕೆ ಕೊರೊನಾ ಟೆಸ್ಟು ಮಾಡಿಸಿದ್ದೆ. ಲ್ಯಾಬಿನವಳ ತಪ್ಪಿಲ್ಲ, ಅವಳು ಕೇಳಿದ್ದು ಸರಿ. ಅವ್ವನ ತಪ್ಪೂ ಇಲ್ಲ. ಅವಳ ಶಾಸ್ತ್ರ ಅವಳಿಗೆ ಸರಿ. ಇಬ್ಬರ ನಡುವೆ ಕಿಂಡಿಯಲ್ಲಿ ಕೂತವನು ನಾನು.

ಅವತ್ತು ಶ್ರೀರಂಗಪಟ್ಟಣಕ್ಕೆ ಓಡಿದರೂ ಲ್ಯಾಬಿನ ಗಾಡಿ ಮೈಸೂರಿಗೆ ಹೋಗಿಯಾಗಿರುತ್ತದೆ. ಗುರುವಾರ ಬೆಳಿಗ್ಗೆ ಹೋದರೆ ಎಲ್ಲವೂ ಸರಿಹೋಗುತ್ತದೆ, ಶುಕ್ರವಾರ ರಿಸಲ್ಟು ಕೈಯಲ್ಲಿರುತ್ತದೆ ಎಂದು ಲೆಕ್ಕ ಹಾಕಿದೆವು. ಮತ್ತೆ ಕಡ್ಡಿ ಎಂದದ್ದಕ್ಕೆ ಸುನಂದ ಎರಡು ಮಾತು ಆಡಿ, ಮಗಳಿಗೋಸ್ಕರ ಒಪ್ಪಿಕೊಂಡಳು. ಆದರೆ ಅಷ್ಟರಲ್ಲಿ ಗೋಡೆಯ ಮೇಲೆ ಅವ್ವನ ತಲೆ ಮೂಡಿತು. “ಗುರುವಾರ ತೆಂಕ್ಲಾಗೆ ಸೂಲ!” ನಮಗೆ ಶ್ರೀರಂಗಪಟ್ಟಣ ದಕ್ಷಿಣ. ಇಷ್ಟು ಹೊತ್ತು ತಡೆದುಕೊಂಡಿದ್ದ ನಾನು ಕಿರುಚಿದೆ. “ಅವ್ವಾ, ಯಾವ ದಿನ ಯಾವ ಕಡೆಗೆ ಮನುಷ್ಯರು ಹೋಗಬಹುದು, ಅದನ್ನಾದರೂ ಹೇಳು!” ಅವ್ವ ಕೋಪ ಮಾಡಿಕೊಳ್ಳಲಿಲ್ಲ. “ಹೋಗ್ಲಾ, ನಿನ್ನಿಷ್ಟ. ಮಗಿ ವಿಚಾರ ಅಂತ ಏಳ್ದೆ” ಎಂದಳು ಅಷ್ಟೇ. ಸುನಂದ ನನ್ನನ್ನು ಪಕ್ಕಕ್ಕೆ ಕರೆದಳು. “ಅತ್ತೆ ಇಷ್ಟು ಹೇಳಿದ್ಮೇಲೆ ಬ್ಯಾಡ ರೀ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜನ್ಮಪೂರ್ತಿ ನೆನಪಿಸ್ಕೊಂಡು ಸಾಯ್ಬೇಕು.” ನಾನು ಶೂಲವನ್ನು ನಂಬುವವನಲ್ಲ. ಆದರೆ ಮಗಳ ಹೆರಿಗೆ ಮುಂದಿರುವಾಗ ನಂಬದೆ ಇರುವಷ್ಟು ಗಂಡೆದೆ ನನಗೂ ಇಲ್ಲ.

ದಾರಿ ತೋರಿಸಿದವನು ಅಮೀರ್. “ಅವ್ವಾರೇ, ಮನೆಯಿಂದ ಯಾವ್ ಕಡೆಗೆ ಒಂಟ್ರಿ ಅನ್ನಾದು ತಾನೆ ಲೆಕ್ಕ? ನಾಗಮಂಗಲದ ಕಡೆ ಒಂಟ್‌ಬುಡ್ತೀವಿ, ಅದು ಮೂಡ್ಲಾಗೆ. ಅಲ್ಲಿ ಒಂದು ಚಾಯ್ ಕುಡಿದು ಪಟ್ಣಕ್ಕೆ ಇಳೀತೀವಿ. ಸೂಲಕ್ಕೆ ಏನ್ ಗೊತ್ತಾಯ್ತದೆ?” ಅವ್ವ ಬೆರಳಲ್ಲಿ ದಿಕ್ಕು ಎಣಿಸಿ, ಆಗಬಹುದು ಎಂದಳು. ಹೀಗೆ ನೆಟ್ಟಗೆ ತೆಂಕಕ್ಕೆ ಹೋಗಬೇಕಾದ ನಾವು, ಗುರುವಾರ ಬೆಳಿಗ್ಗೆ ಶೂಲದ ಕಣ್ಣು ತಪ್ಪಿಸಿ ನಾಗಮಂಗಲ ಸೇರಿದೆವು. ಚಹಾ ಕುಡಿದೆವು. ಸುನಂದ ಕುಡಿಯಲಿಲ್ಲ, ಲೋಟ ಹಿಡಿದುಕೊಂಡು, “ಸುತ್ತು ಜಾಸ್ತಿ ಆಯ್ತು, ಬೇಗ ನಡೀರಿ” ಎನ್ನುತ್ತಿದ್ದಳು. ಅಲ್ಲಿಂದ ಪಾಂಡವಪುರದ ಹತ್ತಿರ ಬಂದರೆ, ಕ್ಯಾತನಹಳ್ಳಿ ಕಡೆಯಿಂದ ಬಂದ ಕಬ್ಬಿನ ಟ್ರಾಕ್ಟರುಗಳು ಕಾರ್ಖಾನೆಯ ದಾರಿ ಹಿಡಿದು ಸಾಲಾಗಿ ನಿಂತಿವೆ. ಒಂದು ಟ್ರಾಕ್ಟರಿನ ಚಕ್ರ ಚರಂಡಿಗೆ ಇಳಿದು ಕಬ್ಬೆಲ್ಲ ರಸ್ತೆಗೆ ಅಡ್ಡ ಬಿದ್ದಿತ್ತು. ಜನ ಸಂತೋಷವಾಗಿ ಒಂದೊಂದು ಜಲ್ಲೆ ಮುರಿದುಕೊಂಡು ಸಿಗಿಯುತ್ತಾ ನಿಂತಿದ್ದರು. ನಾನು ಕೆಳಗಿಳಿದು ಬಸ್ ಸ್ಟ್ಯಾಂಡಿನ ದನಿಯಲ್ಲಿ ಕೂಗಾಡಿದೆ. “ಯಾಕಣ್ಣ ಅಂಗಾಡ್ತೀಯೆ, ಹೆರಿಗೆಗೆ ಹೊಂಟಿದ್ದೀಯಾ?” ಎಂದು ಒಬ್ಬ ನಗುತ್ತಾ ಕೇಳಿದ. ಹೌದು ಎಂದರೆ ನಂಬುವ ಮುಖ ಅವನದಾಗಿರಲಿಲ್ಲ.

ಲ್ಯಾಬು ತಲುಪಿದಾಗ ಅದೇ ವಿನಯದ ಹೆಣ್ಣುಮಗಳು ಗಾಜಿನ ಕಿಂಡಿಯ ಹಿಂದೆ ಕೂತಿದ್ದಳು. ಕಿಂಡಿಯ ಒಳಗಿರುವುದೇ ರೂಢಿಯಾಗಿದ್ದ ನಾನು ಅವತ್ತು ಹೊರಗೆ ಬಗ್ಗಿ ನಿಂತಿದ್ದೆ. “ಮೈಸೂರು ಗಾಡಿ ಈಗ ತಾನೆ ಹೊರಟುಹೋಯ್ತು ಸಾರ್” ಎಂದಳು. ಆ ಮಾತನ್ನು, ಅದೇ ರಾಗದಲ್ಲಿ, ಮುಖ ಮೇಲೆತ್ತದೆ, ನಾನು ಎಷ್ಟು ಸಾವಿರ ಜನಕ್ಕೆ ಹೇಳಿಲ್ಲ! ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಿಬಂದವರಿಗೆ, ಆಸ್ಪತ್ರೆಗೆ ಹೊರಟವರಿಗೆ, ಹೇಮಗಿರಿಯ ದನದ ಜಾತ್ರೆಗೆ ಹಗ್ಗ ಹಿಡಿದು ಬಂದವರಿಗೆ. “ಇನ್ನೊಂದು ಗಾಡಿ ಎಷ್ಟೊತ್ತಿಗೆ?” ಎಂದೆ. “ನಾಳೆ ಸಾರ್” ಎಂದಳು. ನಾವೇ ಮೈಸೂರಿಗೆ ಕೊಂಡೊಯ್ಯುತ್ತೇವೆ ಎಂದದ್ದಕ್ಕೆ, ಅಲ್ಲಿ ಕೈಯಲ್ಲಿ ತಂದದ್ದನ್ನು ಮುಟ್ಟುವುದಿಲ್ಲ ಎಂದಳು. ಸುನಂದ ಒಳಗೆ ಹೋಗಿ ಮೂಗು ಒಡ್ಡಿದಳು. ಗುರುವಾರದ ಕಡ್ಡಿ ಶುಕ್ರವಾರದ ಗಾಡಿ ಹತ್ತಿ, ಶನಿವಾರ ಸಂಜೆ ನೆಗೆಟಿವ್ ಎಂದು ಬಂತು. ವಿಮಾನ ಅಷ್ಟು ಹೊತ್ತಿಗೆ ಮಸ್ಕತ್ ಸೇರುವುದರಲ್ಲಿತ್ತು.

ನಡುವೆ ಪ್ರಯತ್ನ ಮಾಡಲಿಲ್ಲವೆಂದಲ್ಲ. ವಿಮಾನ ನಿಲ್ದಾಣದಲ್ಲೇ ಬೇಗ ಮಾಡಿಕೊಡುತ್ತಾರೆ ಎಂದು ಒಬ್ಬರು ಹೇಳಿದರು, ಅದು ಈ ದೇಶಕ್ಕೆ ನಡೆಯುವುದಿಲ್ಲ ಎಂದು ಇನ್ನೊಬ್ಬರು ಹೇಳಿದರು. ಅಷ್ಟು ದೂರ ಹೋಗಿ ಬಾಗಿಲಲ್ಲಿ ವಾಪಸ್ ಕಳಿಸಿದರೆ ಟಿಕೆಟ್ಟೂ ಕೈಬಿಡುತ್ತದೆ ಎಂದು ಹೆದರಿ, ಅಳಿಯ ಅದನ್ನು ಮಂಗಳವಾರಕ್ಕೆ ಬದಲಾಯಿಸಿದ. ಹೆರಿಗೆಗೆ ಇನ್ನೂ ವಾರದ ಮೇಲಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆವು. “ಪವಿತ್ರಂಗೆ ಹೇಳಿಲ್ಲ ಮಾವ, ಗಾಬರಿಯಾಗ್ತಾಳೆ” ಎಂದ. ಸುನಂದ ಜಮೀಲಾಳ ಮನೆಯಲ್ಲೇ ಉಳಿದಳು. ನಾನು ಮನೆಯಲ್ಲಿ ಅವ್ವ ಬೇಯಿಸಿದ ಮುದ್ದೆ ನುಂಗುತ್ತಿದ್ದರೆ, ಗೋಡೆಯಾಚೆಯಿಂದ ಪರದೇಶಕ್ಕೆ ಹೊರಟ ನನ್ನ ಹೆಂಡತಿಯ ದನಿ ಕೇಳುತ್ತಿತ್ತು: “ರೀ, ಹಾಲು ಉಕ್ತಾ ಇದೆ ನೋಡಿ, ವಾಸ್ನೆ ಬತ್ತಾ ಇದೆ.”

ಶನಿವಾರ ಸಂಜೆ ಫೋನು ಬಂತು. ಪವಿತ್ರ. ಉಸಿರು ಕಟ್ಟಿಕೊಂಡು ಮಾತಾಡುತ್ತಿದ್ದಳು.

“ಅಪ್ಪಾ, ನೋವು ಶುರುವಾಗಿದೆ. ಅಡ್ಮಿಟ್ ಮಾಡ್ಕೊಂಡ್ರು. ಅವ್ವ ಒಂಟ್ಲಾ?”

ನಾನು ನಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಗೋಡೆಯಾಚೆ ಸುನಂದ, ಜಮೀಲಾಳ ಎದುರು ಮೊರ ಇಟ್ಟುಕೊಂಡು ಕೂತು, ಅವರೆಕಾಯಿ ಸುಲಿಯುತ್ತಿದ್ದಳು.

“ಒಂಟವ್ಳೆ ಕಣವ್ವ” ಎಂದೆ.

“ಎಲ್ಲಿಗ್ ಬಂದವ್ಳೆ?”

“ದಾರೀಲವ್ಳೆ. ಇನ್ನೇನ್ ಬಂದ್‌ಬುಡ್ತಾಳೆ. ಧೈರ್ಯವಾಗಿರು.”

ಮೈಕಿನ ಮುಂದೆ ಕೂತು ವರ್ಷಗಟ್ಟಲೆ ಪಳಗಿದ ನಾಲಿಗೆ, ಒಂದಿಷ್ಟೂ ತೊದಲಲಿಲ್ಲ. ಬರದ ಬಸ್ಸನ್ನು ಬರುತ್ತದೆ ಎಂದು ಹೇಳಿ ಜನರನ್ನು ಕಲ್ಲುಬೆಂಚಿನ ಮೇಲೆ ಕೂರಿಸಿದ ಹಾಗೆ, ಹೆರಿಗೆಯ ಮಂಚದ ಮೇಲಿರುವ ಮಗಳನ್ನು ಕೂರಿಸಿಬಿಟ್ಟೆ. ಫೋನಿಟ್ಟ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಅವ್ವ ಬಂದು ನೋಡಿ, ಸೆರಗಿನಿಂದ ನನ್ನ ಮೂಗು ಒರೆಸಿದಳು. ಐವತ್ತು ದಾಟಿದ ಗಂಡಸಿನ ಮೂಗು.

ಭಾನುವಾರ ಬೆಳಿಗ್ಗೆ ಮಗು ಹುಟ್ಟಿತು. ಗಂಡು. ಕೂಸಿಗೆ ಎಪ್ಪತ್ತೆರಡು ಗಂಟೆಯೂ ಗೊತ್ತಿಲ್ಲ, ಶೂಲವೂ ಗೊತ್ತಿಲ್ಲ. ಹೊರಡಬೇಕೆನ್ನಿಸಿತು, ಹೊರಟು ಬಂತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಪವಿತ್ರಳ ಜೊತೆ ಕೆಲಸ ಮಾಡುವ ಕೇರಳದ ನರ್ಸೊಬ್ಬಳು ರಾತ್ರಿಯಿಡೀ ಪಕ್ಕದಲ್ಲಿದ್ದಳಂತೆ. ಮಗುವಿನ ಅಳುವನ್ನು ಫೋನಿನಲ್ಲಿ ಕೇಳಿದ ಸುನಂದ, ಜಮೀಲಾಳನ್ನು ತಬ್ಬಿಕೊಂಡು ತಾನೂ ಅತ್ತಳು. ಜಮೀಲಾ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ನನಗೂ ಹಾಕಿದಳು, ರುಚಿ ಗೊತ್ತಾಗಲಿಲ್ಲ. ಏಕೆಂದರೆ ಆಗಷ್ಟೇ ಅಳಿಯ ಹೇಳಿದ್ದ: “ಕೊನೇ ತನಕ ಬಾಗಿಲ ಕಡೇನೇ ನೋಡ್ತಿದ್ಲು ಮಾವ. ಬಾಗಿಲು ಸದ್ದಾದ್ರೆ ಸಾಕು, ಅವ್ವ ಬಂದ್ಲಾ ಅನ್ನೋಳು.”

ಅವತ್ತೇ ಮೂರನೆಯ ಸಲ ಶ್ರೀರಂಗಪಟ್ಟಣಕ್ಕೆ ಹೋದೆವು. ಈ ಸಲ ನೆಟ್ಟಗೆ ಹೋದೆವು. ಭಾನುವಾರ ಯಾವ ದಿಕ್ಕಿಗೆ ಶೂಲ ಎಂದು ಅವ್ವ ಹೇಳಲಿಲ್ಲ, ನಾವೂ ಕೇಳಲಿಲ್ಲ. “ಯಾವಾಗ ಹೊರಡೋದು ಸಾರ್?” ಎಂದಳು ಕಿಂಡಿಯವಳು. “ಮಂಗಳವಾರ ಮಧ್ಯಾಹ್ನ. ವಿಮಾನ. ನೆಲ ಬಿಟ್ಟು ಮೇಲಕ್ಕೆ ಏಳುವುದು” ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವಳು ಬೆದರಿ ಸುನಂದಳ ಕಡೆ ನೋಡಿದಳು. ಸೋಮವಾರ ರಿಸಲ್ಟು ಬಂತು, ಮಂಗಳವಾರ ಸುನಂದ ವಿಮಾನ ಹತ್ತಿದಳು. ಹೊರಡುವ ಮುಂಚೆ ಗೋಡೆಯಾಚೆಯಿಂದಲೇ ಅತ್ತೆಗೆ ಕೈಮುಗಿದಳು. ಅವ್ವ, “ಬ್ಯಾಡ ಅಂದಿದ್ದು ನಂದೇ ತಪ್ಪಾಯ್ತು ಕಣವ್ವ” ಎಂದಳು. “ಅಂಗನ್ಬ್ಯಾಡಿ ಅತ್ತೆ, ನಾನೂ ಹೆದರ್ಕೊಂಡೆನಲ್ಲ” ಎಂದಳು ಸುನಂದ. ಯಾರೂ ನನ್ನ ತಪ್ಪಿನ ಪ್ರಸ್ತಾಪವನ್ನೇ ಎತ್ತಲಿಲ್ಲ. ಅದು ಎಲ್ಲರಿಗೂ ಗೊತ್ತಿರುವುದರಿಂದ ಎತ್ತುವ ಅಗತ್ಯ ಕಾಣಲಿಲ್ಲವೆಂದು ತೋರುತ್ತದೆ.

ವಿಮಾನಕ್ಕೆ ಹತ್ತಿಸಿ ವಾಪಸ್ ಬಂದರೆ ಜಮೀಲಾ ತಲೆಯ ಮೇಲೆ ಕೈಹೊತ್ತು ನಿಂತಿದ್ದಳು. ತನ್ನ ಮೊಮ್ಮಕ್ಕಳ ಕೈಗೆ ಸಿಗಬಾರದೆಂದು ಅವಳು ಜೋಪಾನವಾಗಿ ಬೀರುವಿನ ಮೇಲೆ ಎತ್ತಿಟ್ಟಿದ್ದ ಅವ್ವನ ಗಂಟು ಅಲ್ಲೇ ಉಳಿದುಹೋಗಿತ್ತು. ಎಲ್ಲರಿಗಿಂತ ಮೊದಲು ಹೊರಟದ್ದು ಅದು. ನಾನು ತಲೆತಗ್ಗಿಸಿಕೊಂಡು ಅವ್ವನಿಗೆ ಹೇಳಿದೆ. ಮಗು ಆಸ್ಪತ್ರೆಯ ಬಟ್ಟೆಯಲ್ಲಿ ಮಲಗಿದ್ದನ್ನು ಫೋನಿನಲ್ಲಿ ಆಗಲೇ ನೋಡಿದ್ದ ಅವ್ವ, ಅಡಿಕತ್ತರಿ ಕೆಳಗಿಟ್ಟಳು. ಆಮೇಲೆ ಹೇಳಿದಳು: “ಇರ್ಲಿ ಬುಡು, ಅಲ್ಲೇ ಇರ್ಲಿ. ಒಳ್ಳೆ ಬುದವಾರ ಇಟ್ಟಿರಾದು. ನಿನ್ ಪರಸ್ತಾನ ಅಂದ್ಕೊ. ನೀನೇ ತಕ್ಕೊಂಡೋಗಿ ಮಗಿಗೆ ಹೊದಿಸ್ಬುಟ್ಟು ಬಾ.”

ಈಗ ಸಂಜೆಯಾದರೆ ಮಸ್ಕತ್‌ನಿಂದ ವಿಡಿಯೋ ಫೋನು ಬರುತ್ತದೆ. ಸುನಂದ ಮಗುವನ್ನು ಎತ್ತಿ ತೋರಿಸುತ್ತಾಳೆ. ನನ್ನ ಮೇಲೆ ಕೋಪವಿದೆಯೇ ಎಂದು ಪವಿತ್ರಳನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಅವಳೇ ಮಗುವಿನ ಮುಷ್ಟಿಯನ್ನು ಹಿಡಿದು ನನ್ನ ಕಡೆ ಆಡಿಸುತ್ತಾ, “ತಾತ ಯಾವಾಗ ಬತ್ತದೆ ಕೇಳು. ತಾತ ಒಂಟ್ತಾ ಕೇಳು” ಎನ್ನುತ್ತಾಳೆ. ನಾನು ಲುಂಗಿ ಉಟ್ಟುಕೊಂಡು, ಹಿತ್ತಲಿನಲ್ಲಿ ನಿಂತು, ಗೋಡೆಯಾಚೆ ಜಮೀಲಾಳ ಬೀರುವಿನ ದಿಕ್ಕಿಗೆ ಒಮ್ಮೆ ನೋಡಿ, “ಒಂಟೆ ಕಣಪ್ಪ, ದಾರೀಲಿವ್ನಿ” ಎನ್ನುತ್ತೇನೆ. ಸುಳ್ಳೇನಲ್ಲ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವುದೊಂದು ಬಾಕಿ ಇದೆ.